ಮುಲಾಮಿಗೂ ಮೊದಲು ಗೂಡಿನ ನೆಲ ನೋಡಿ

ಕಳೆದ ಜುಲೈಯಲ್ಲಿ, ಜಡಿಮಳೆಯ ಒಂದು ಸಂಜೆ, ಬಿಜೈ ಕಡೆಯಿಂದ ಅಮ್ಮ ಮಗಳು ಬುಟ್ಟಿಯಲ್ಲಿ ಮೊಲ ತಂದಿದ್ದರು. "ಎರಡು ದಿನದಿಂದ ಕೂತಲ್ಲೇ ಕೂತಿದೆ ಡಾಕ್ಟ್ರೇ, ಹುಲ್ಲೂ ಸರಿಯಾಗಿ ತಿನ್ನುತ್ತಿಲ್ಲ" ಎಂದರು ಅಮ್ಮ. ಹಿಂಗಾಲು ಎತ್ತಿ ನೋಡಿದೆ. ಎರಡೂ ಹಿಮ್ಮಡಿಯಲ್ಲಿ ಕೂದಲಿಲ್ಲ. ಒಂದರಲ್ಲಿ ಚರ್ಮ ಕೆಂಪಾಗಿತ್ತು, ಇನ್ನೊಂದರಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣು. ಸುತ್ತಲಿನ ಕೂದಲು ಮೂತ್ರದಲ್ಲಿ ನೆನೆದು ಹಳದಿಯಾಗಿ ಅಂಟಿಕೊಂಡಿತ್ತು.

"ಗೂಡಿನ ಫೋಟೋ ಉಂಟಾ ಮಗಳೇ?" ಎಂದು ಕೇಳಿದೆ. ಮೊಬೈಲಲ್ಲಿ ತೋರಿಸಿದಳು. ನಾನು ಅಂದುಕೊಂಡ ಹಾಗೇ ಇತ್ತು. ಕೆಳಗೆ ಪೂರ್ತಿ ತಂತಿ ಜಾಲರಿ, ಅದರಡಿ ಟ್ರೇ. "ಹಿಕ್ಕೆ ಕೆಳಗೆ ಬೀಳ್ತದೆ, ಕ್ಲೀನ್ ಮಾಡಲು ಸುಲಭ ಅಂತ ಹೇಳಿ ಕೊಟ್ಟರು" ಎಂದರು ಅಮ್ಮ. ನಮಗೇನೋ ಸುಲಭ. ಆದರೆ ಇಡೀ ದಿನ ಆ ತಂತಿಯ ಮೇಲೆ ಕೂರುವುದು ಮೊಲ ಅಲ್ವಾ?

ನಾಯಿ, ಬೆಕ್ಕಿನ ಪಾದದಡಿ ಮೆತ್ತೆಯಂಥ ಗಟ್ಟಿ ಚರ್ಮ ಇರುತ್ತದೆ. ಮೊಲಕ್ಕೆ ಅದಿಲ್ಲ. ತೆಳ್ಳಗಿನ ಚರ್ಮ, ಮೇಲೆ ಒತ್ತಾದ ಕೂದಲು, ಅಷ್ಟೇ. ಮಣ್ಣಿನ ಮೇಲಾದರೆ ಉಗುರು ನೆಲದೊಳಗೆ ಊರುತ್ತದೆ, ಭಾರ ಇಡೀ ಪಾದಕ್ಕೆ ಹಂಚಿಹೋಗುತ್ತದೆ. ಟೈಲ್ಸ್ ಅಥವಾ ಗ್ರಾನೈಟ್ ಮೇಲೆ ಉಗುರು ಊರುವುದಿಲ್ಲ. ಬೆರಳು ಮೇಲಕ್ಕೆ ಎತ್ತಿಕೊಂಡು ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ. ಉಗುರು ಉದ್ದ ಬೆಳೆದಿದ್ದರೆ ಇನ್ನೂ ಜಾಸ್ತಿ. ಮೊದಲು ಕೂದಲು ಸವೆಯುತ್ತದೆ, ಆಮೇಲೆ ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು. ಬಿಟ್ಟರೆ ಸೋಂಕು ಮೂಳೆಗೂ ಇಳಿಯುತ್ತದೆ. ಮೈ ತೂಕ ಹೆಚ್ಚಿದ್ದರೆ, ಅಥವಾ ರೆಕ್ಸ್ ಜಾತಿಯಂತೆ ಪಾದದ ಕೂದಲು ತೆಳ್ಳಗಿದ್ದರೆ ಇದೆಲ್ಲ ಬೇಗ ಬರುತ್ತದೆ.

ಹುಣ್ಣಿಗೆ ಔಷಧಿ ಕೊಟ್ಟೆ. ಆದರೆ ಅದಕ್ಕಿಂತ ಮುಖ್ಯವಾಗಿ ಜಾಲರಿ ಮುಚ್ಚಲು ಹೇಳಿದೆ. ಅವರು ಗೂಡಿನ ಅಳತೆಗೆ ಎರಡು ಹಲಗೆ ಕೊಯ್ಸಿದರು. ಒಂದು ಗೂಡಿನಲ್ಲಿ, ಇನ್ನೊಂದು ಬಚ್ಚಲ ಒಲೆಯ ಹತ್ತಿರ ಒಣಗಲು. ಹಲಗೆ ಮೇಲೆ ದಪ್ಪ ಜಮಖಾನ, ಅದರ ಮೇಲೆ ಬೈಹುಲ್ಲು. ಆ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಆ ಹುಡುಗಿ ಒಂದು ದಿನವೂ ತಪ್ಪದೆ ಹಾಸು ಬದಲಿಸಿದಳು.

ನಮ್ಮ ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಹಾಸು ಒಣಗುವುದೇ ಇಲ್ಲ. ಬೈಹುಲ್ಲಿಗೆ ಬೂಸ್ಟು ಬರುತ್ತದೆ. ಮೂಸಿ ನೋಡಿ, ಮುಗ್ಗು ವಾಸನೆ ಬಂದರೆ ಹಾಕಲೇಬೇಡಿ. ಮೊಲ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುತ್ತದೆ. ಅಲ್ಲಿ ಒಂದು ತಟ್ಟೆಯಿಟ್ಟು ದಿನಾ ತೆಗೆದರೆ ಉಳಿದ ಕಡೆ ಒಣಗಿರುತ್ತದೆ. ಒದ್ದೆ ಕೂದಲಿಗೆ ನೊಣ ಮೊಟ್ಟೆಯಿಟ್ಟು ಹುಳವಾಗಲು ಒಂದು ದಿನ ಸಾಕು. ಬಾಲದ ಅಡಿಯನ್ನೂ ನೋಡುತ್ತಿರಿ.

ಮೆತ್ತಗಿರಲಿ ಅಂತ ಗೋಣಿ ಅಥವಾ ಟರ್ಕಿ ಟವೆಲ್ ಹಾಸುವವರಿದ್ದಾರೆ. ಬೇಡ. ಟರ್ಕಿ ಟವೆಲಿನ ಸಣ್ಣ ಸಣ್ಣ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಗೋಣಿಯ ದಾರ ಬೆರಳಿಗೆ ಸುತ್ತಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡಾಗಲೇ ಒಂದು ಗುಡುಗು ಬಂತೋ, ದೀಪಾವಳಿಯ ಪಟಾಕಿ ಹೊಡೆಯಿತೋ, ಮೊಲ ಹೆದರಿ ಕಾಲು ಜಗ್ಗುತ್ತದೆ. ಉಗುರು ಬುಡಸಮೇತ ಕಿತ್ತು ಬರುತ್ತದೆ. ಹೆದರಿದಾಗ ನುಗ್ಗಿ ಕೂರಲು ಗೂಡಿನೊಳಗೆ ಒಂದು ರಟ್ಟಿನ ಪೆಟ್ಟಿಗೆ ಇಡಿ.

ಮೊಲಕ್ಕೆ ಒಟ್ಟು 18 ಉಗುರು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಮುಂಗಾಲಿನ ಐದನೆಯದು ಒಳಬದಿಯಲ್ಲಿ ಮೇಲಕ್ಕಿರುವುದರಿಂದ ಹೆಚ್ಚಿನವರು ಮರೆಯುತ್ತಾರೆ, ಸಿಕ್ಕಿ ಹರಿಯುವುದೂ ಅದೇ ಜಾಸ್ತಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ತುದಿ ಕತ್ತರಿಸಬೇಕು. ಬೈರಾಸಿನಲ್ಲಿ ಮೈ ಸುತ್ತಿ, ಒಬ್ಬರು ಎದೆಗವಚಿ ಹಿಡಿಯಲಿ, ಹಿಂಭಾಗಕ್ಕೆ ಕೈ ಆಸರೆ ಇರಲೇಬೇಕು. ಗಾಳಿಯಲ್ಲಿ ತೂಗುವ ಹಾಗೆ ಹಿಡಿದರೆ ಜೋರಾಗಿ ಒದ್ದು ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತದೆ. ಉಗುರು ಕಪ್ಪಗಿದ್ದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಒಳಗಿನ ರಕ್ತನಾಳ ಕಾಣುತ್ತದೆ, ಅದಕ್ಕಿಂತ ಸ್ವಲ್ಪ ಮುಂದೆ ಕತ್ತರಿಸಿ.

ತಪ್ಪಿ ರಕ್ತ ಬಂದರೆ ಗಾಬರಿ ಬೇಡ. ಸ್ವಲ್ಪ ಕಾರ್ನ್‌ಫ್ಲೋರ್ ಮೆತ್ತಿ, ಶುಭ್ರ ಬಟ್ಟೆಯಲ್ಲಿ ಐದು ನಿಮಿಷ ಒತ್ತಿ ಹಿಡಿಯಿರಿ. ಮತ್ತೆ ಮತ್ತೆ ತೆಗೆದು ನೋಡಬೇಡಿ. ಉಗುರು ಅರ್ಧ ಮುರಿದು ನೇತಾಡುತ್ತಿದ್ದರೆ ಎಳೆಯದೆ ಹಾಗೇ ಕರೆತನ್ನಿ. ಮನೆಯಲ್ಲಿ ಮಕ್ಕಳಿಗೆಂದು ತಂದ ಅಮಾಕ್ಸಿಸಿಲಿನ್ ಸಿರಪ್ ಉಳಿದಿದ್ದರೆ ದಯವಿಟ್ಟು ಮೊಲದ ಬಾಯಿಗೆ ಹಾಕಬೇಡಿ. ಅದು ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಮೊಲದ ಜೀವಕ್ಕೇ ಕುತ್ತು ತರುತ್ತದೆ.

ಮೊಲ ಸಾಮಾನ್ಯವಾಗಿ ನೋವನ್ನು ತೋರಿಸಿಕೊಳ್ಳುವುದಿಲ್ಲ, ಕೂಗುವುದೂ ಅಪರೂಪ. ವಾರಕ್ಕೊಮ್ಮೆ ನಾಲ್ಕೂ ಪಾದದ ಅಡಿ ನೋಡಿ. ಕಾಲು ನೋವಿಗೆ ತಿನ್ನುವುದನ್ನು ಬಿಟ್ಟರೆ ಹೊಟ್ಟೆಯ ಚಲನೆಯೂ ನಿಲ್ಲುತ್ತದೆ. ಅರ್ಧ ದಿನ ಹುಲ್ಲು ಮುಟ್ಟಿಲ್ಲ, ಹಿಕ್ಕೆಯೂ ಬಿದ್ದಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಹೊರಡಿ.