ಗಾಳಿ ಗಟ್ಟಿ ಇದ್ದರೆ ಸೈಕಲ್ ಜೋರಾಗಿ ಓಡುತ್ತಾ?

ಧಾರವಾಡದಲ್ಲಿ ನಮ್ಮ ಓಣಿಯ ಸೈಕಲ್ ಅಂಗಡಿಯಲ್ಲಿ ಗಾಳಿ ಹೊಡೆದ ಮೇಲೆ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಕಲ್ಲಿನ ಹಾಗಿದ್ದರೆ ಸರಿ. ಪುಣೆಗೆ ಬಂದು ರೋಡ್ ಬೈಕ್ ಕೊಂಡಾಗಲೂ ನನಗೆ ಅದೇ ನಂಬಿಕೆ. 23 ಮಿಲಿಮೀಟರ್ ಅಗಲದ ಟಯರು, 120 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡು ಅನ್ನುವ ಒತ್ತಡದ ಲೆಕ್ಕ) ಗಾಳಿ. ಹಳೇ ಕಾತ್ರಜ್ ಘಾಟ್ ಹತ್ತಿಳಿದು ಮನೆ ಸೇರುವಷ್ಟರಲ್ಲಿ ಅಂಗೈ ಜುಮುಜುಮು ಅನ್ನುತ್ತಿತ್ತು. ಆ ನಡುಕವನ್ನೇ ವೇಗ ಅಂದುಕೊಂಡಿದ್ದೆ.

ಟಯರು ರಸ್ತೆಗೆ ತಾಗುವ ಜಾಗದಲ್ಲಿ ಚಪ್ಪಟೆಯಾಗುತ್ತದೆ, ಮುಂದೆ ಉರುಳಿದಾಗ ಮತ್ತೆ ದುಂಡಗಾಗುತ್ತದೆ. ಬಗ್ಗಿಸಲು ಹಾಕಿದ ಶಕ್ತಿಯನ್ನು ರಬ್ಬರು ಪೂರ್ತಿ ವಾಪಸ್ ಕೊಡುವುದಿಲ್ಲ. ಒಂದಿಷ್ಟು ಶಾಖವಾಗಿ ಹೋಗುತ್ತದೆ. ಗಾಳಿ ಜಾಸ್ತಿ ಇದ್ದರೆ ಬಗ್ಗುವುದು ಕಡಿಮೆ, ನಷ್ಟವೂ ಕಡಿಮೆ. ಪ್ರಯೋಗಾಲಯದ ನುಣುಪು ಉಕ್ಕಿನ ಉರುಳೆಯ ಮೇಲೆ ಇದು ನಿಜ. ಆದರೆ ನಾವು ಓಡಿಸುವುದು ಉಕ್ಕಿನ ಮೇಲಲ್ಲ, ಅಲ್ವಾ? ಜಲ್ಲಿ ಎದ್ದ ಡಾಂಬರಿನ ಮೇಲೆ ಗಟ್ಟಿ ಟಯರು ಪ್ರತಿ ಹರಳಿಗೂ ಸೈಕಲ್ಲನ್ನೂ ನಮ್ಮನ್ನೂ ಎತ್ತಿ ಹಾಕುತ್ತದೆ. ಆ ಅಲುಗಾಟವನ್ನು ನಮ್ಮ ಸ್ನಾಯುಗಳು ನುಂಗುತ್ತವೆ. ಅದಕ್ಕೆ ಬೇಕಾದ ಶಕ್ತಿಯೂ ನಮ್ಮ ಕಾಲಿನಿಂದಲೇ ಬರಬೇಕು. ಒಂದು ಮಟ್ಟ ದಾಟಿದ ಮೇಲೆ ರಬ್ಬರಿನಲ್ಲಿ ಉಳಿಸಿದ್ದಕ್ಕಿಂತ ಮೈಯಲ್ಲಿ ಕಳೆದದ್ದೇ ಜಾಸ್ತಿ. ರಸ್ತೆ ಒರಟಾದಷ್ಟೂ ಆ ಮಟ್ಟ ಕೆಳಗಿಳಿಯುತ್ತದೆ.

ಹಾಗೆ ನೋಡಿದರೆ ಗಾಳಿ ಟಯರು ಹುಟ್ಟಿದ್ದೇ ಕುಲುಕಾಟ ತಪ್ಪಿಸಲು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಡನ್ಲಪ್ ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆ ಅದನ್ನು ಮಾಡಿದರು. ಮರುವರ್ಷವೇ ವಿಲ್ಲೀ ಹ್ಯೂಮ್ ಅದೇ ಊರಿನಲ್ಲಿ ಈ ಮೆತ್ತನೆಯ ಟಯರಿನಿಂದ ರೇಸ್ ಗೆದ್ದರು.

ಈಗ ಅಗಲದ ವಿಷಯ. ಸೈಕಲ್, ಸವಾರ ಸೇರಿ 80 ಕಿಲೋ ಅಂದುಕೊಳ್ಳಿ. ಹಿಂದಿನ ಗಾಲಿಗೆ 45 ಕಿಲೋ, ಅಂದರೆ ಸುಮಾರು 100 ಪೌಂಡು ಬೀಳುತ್ತದೆ. ಗಾಳಿ 100 ಪಿಎಸ್ಐ ಇದ್ದರೆ ರಸ್ತೆಗೆ ತಾಗುವುದು ಹೆಚ್ಚುಕಡಿಮೆ ಒಂದೇ ಚದರ ಇಂಚು. 23ರ ಬದಲು 28 ಹಾಕಿದರೂ ಅದೇ ಒತ್ತಡದಲ್ಲಿ ಅಷ್ಟೇ ಜಾಗ. ಆಕಾರ ಮಾತ್ರ ಬದಲಾಗುತ್ತದೆ: ಉದ್ದ ಕಡಿಮೆ, ಅಗಲ ಜಾಸ್ತಿ. ಉದ್ದ ಕಡಿಮೆಯಾದರೆ ಟಯರಿನ ಪಕ್ಕೆ ಬಗ್ಗುವುದೂ ಕಡಿಮೆ. ಹಾಗಾಗಿ ಒಂದೇ ಒತ್ತಡದಲ್ಲಿ ದಪ್ಪ ಟಯರೇ ಹಗುರವಾಗಿ ಉರುಳುತ್ತದೆ. ಮೊದಲ ಸಲ ತಿಳಿದಾಗ ನನಗೆ ನಂಬಲಾಗಲಿಲ್ಲ. ತುಂಬಾ ಜೋರಾಗಿ ಹೋಗುವವರಿಗೆ ಎದುರುಗಾಳಿಯಲ್ಲಿ ತೆಳು ಟಯರಿನಿಂದ ಸ್ವಲ್ಪ ಲಾಭವಿದೆ, ನಿಜ. ನಮ್ಮ ಘಾಟ್ ರಸ್ತೆಗಳಲ್ಲಿ ಆ ಲಾಭ ಕುಲುಕಾಟಕ್ಕೇ ಹೋಗುತ್ತದೆ.

ಅಗಲಕ್ಕಿಂತಲೂ ಮುಖ್ಯ ಟಯರಿನ ಒಳಮೈ. ರಬ್ಬರಿನ ಕೆಳಗಿನ ನೂಲಿನ ಪದರ ತೆಳುವಾಗಿ, ಮೃದುವಾಗಿ ಇದ್ದರೆ ಸಲೀಸಾಗಿ ಬಗ್ಗುತ್ತದೆ. ಪಂಕ್ಚರ್ ತಡೆಯಲು ದಪ್ಪ ಪಟ್ಟಿ ಹಾಕಿದ ಟಯರು ಗಾಜಿನ ಚೂರಿಗೆ ಹೆದರುವುದಿಲ್ಲ, ಆದರೆ ಪ್ರತಿ ಸುತ್ತಿನಲ್ಲೂ ಕಾಲನ್ನು ಹಿಂದೆಳೆಯುತ್ತದೆ. ದಿನಾ ಆಫೀಸಿಗೆ ಹೋಗುವವರು ಅದನ್ನೇ ಹಾಕಲಿ. ಭಾನುವಾರ ಸಿಂಹಗಡ ಹತ್ತುವವರು ಮೃದು ಟಯರು ಕೊಳ್ಳಲಿ ಅನ್ನುತ್ತೇನೆ.

ಮಳೆಗಾಲಕ್ಕೆ ಗೆರೆ ಕೊರೆದ ಟಯರು ಬೇಕು ಅನ್ನುವುದು ಸುಮ್ನೆ. ಕಾರಿನ ಅಗಲ ಟಯರು ನೀರಿನ ಮೇಲೆ ತೇಲಬಹುದು, ರಸ್ತೆಗೆ ಪುಟ್ಟ ಜಾಗದಲ್ಲಷ್ಟೇ ತಾಗುವ ಸೈಕಲ್ ಟಯರು ನಮ್ಮ ವೇಗದಲ್ಲಿ ತೇಲುವುದಿಲ್ಲ. ಜಾರಿಸುವುದು ಜೀಬ್ರಾ ಪಟ್ಟಿಯ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಮೊದಲ ಮಳೆಗೆ ಮೇಲೆ ಬರುವ ಎಣ್ಣೆ. ಅಲ್ಲಿ ಹಿಡಿತ ಕೊಡುವುದು ರಬ್ಬರಿನ ಗುಣ ಮತ್ತು ಸ್ವಲ್ಪ ಕಡಿಮೆ ಗಾಳಿ.

ಕೊಳ್ಳುವ ಮೊದಲು ಫ್ರೇಮು, ಬ್ರೇಕಿನ ನಡುವೆ 28 ಹಿಡಿಸುತ್ತದಾ ನೋಡಿ. ರಿಮ್ ಹುಕ್‌ಲೆಸ್ ಆಗಿದ್ದರೆ (ಟಯರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದಿದ್ದರೆ) 5 ಬಾರ್, ಅಂದರೆ ಸುಮಾರು 72 ಪಿಎಸ್ಐ ದಾಟಬೇಡಿ. ಆಮೇಲೆ ಒಂದು ಸಣ್ಣ ಇಳಿಜಾರು ಹುಡುಕಿ. ಒಂದೇ ಗುರುತಿನಿಂದ ಪೆಡಲ್ ತುಳಿಯದೆ ಉರುಳಿ, ಎಲ್ಲಿ ನಿಂತಿತೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿ. 5 ಪಿಎಸ್ಐ ಇಳಿಸಿ, ಮತ್ತೆ ಉರುಳಿ. ಪಾಷಾಣ್ ಹತ್ತಿರ ಗಾಳಿ ಬೀಸದ ಒಂದು ಬೆಳಗ್ಗೆ ನಾನು ಹೀಗೇ ಮಾಡಿದೆ. ನನ್ನ ಹುಕ್ ಇರುವ ರಿಮ್ಮಿಗೆ ಹಿಂದೆ 75, ಮುಂದೆ 70ರಲ್ಲಿ ಗೆರೆ ಎಲ್ಲಕ್ಕಿಂತ ದೂರ ಬಿತ್ತು.