ಮೇಜಿನ ಮೇಲೆ ಉಳಿಯುವ ಕೀಮೋ
1970ರ ದಶಕದಲ್ಲಿ ದೊಡ್ಡ ಆಸ್ಪತ್ರೆಗಳ ಫಾರ್ಮಸಿಯಲ್ಲಿ ಕೀಮೋ, ಅಂದರೆ ಕ್ಯಾನ್ಸರ್‌ಗೆ ಕೊಡುವ ಮದ್ದು, ಬೆರೆಸಲು ಒಂದು ಗಾಳಿಪೆಟ್ಟಿಗೆ ಇರುತ್ತಿತ್ತು. ಸೋಸಿದ ಗಾಳಿ ಹಿಂದಿನಿಂದ ಬಂದು, ಮದ್ದಿನ ಮೇಲೆ ಹಾದು, ಎದುರು ಕೂತವರ ಮುಖಕ್ಕೇ ಬೀಸುತ್ತಿತ್ತು! ಮದ್ದಿಗೆ ಕ್ರಿಮಿ ತಾಗಬಾರದು, ಅಷ್ಟೇ ಲೆಕ್ಕ. ಎಷ್ಟೋ ವಾರ್ಡುಗಳಲ್ಲಿ ಆ ಪೆಟ್ಟಿಗೆಯೂ ಇಲ್ಲ, ನರ್ಸ್‌ಗಳು ಮೇಜಿನ ಮೇಲೇ ಬೆರೆಸುತ್ತಿದ್ದರು.

ಈ ಮದ್ದಿನ ಮೂಲ ನೋಡಿದರೆ ಸ್ವಲ್ಪ ಹೆದರಬೇಕಿತ್ತು. 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಕ್ಯಾನ್ಸರ್ ರೋಗಿಗೆ ಮೊದಲು ಕೊಟ್ಟದ್ದು ನೈಟ್ರೋಜನ್ ಮಸ್ಟರ್ಡ್, ಅಂದರೆ ಯುದ್ಧದಲ್ಲಿ ಬಳಸಿದ ವಿಷಾನಿಲ ಮಸ್ಟರ್ಡ್ ಗ್ಯಾಸಿನ ದಾಯಾದಿ. ಇವತ್ತಿಗೂ ಬಳಕೆಯಲ್ಲಿರುವ ಸೈಕ್ಲೋಫಾಸ್ಫಮೈಡ್ ಅದೇ ಮನೆತನದ್ದು. ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುವುದೇ ಇದರ ಕೆಲಸ, ಅದು ಕ್ಯಾನ್ಸರ್ ಕೋಶವೋ ಒಳ್ಳೆಯದೋ ಅಂತ ಕೇಳೋದಿಲ್ಲ. ರೋಗಿಗೆ ಜೀವ ಉಳಿಯುತ್ತೆ ಅನ್ನುವ ಲಾಭ ಇದೆ. ಬೆರೆಸುವವರಿಗೆ ಏನಿದೆ?

1979ರಲ್ಲಿ ಫಿನ್ಲೆಂಡಿನ ಸಂಶೋಧಕರು ಕೀಮೋ ಕೊಡುವ ನರ್ಸ್‌ಗಳ ಮೂತ್ರ ಪರೀಕ್ಷಿಸಿದರು. ಆಫೀಸ್ ಗುಮಾಸ್ತರ ಮೂತ್ರಕ್ಕಿಂತ ಅದರಲ್ಲಿ ಡಿಎನ್‌ಎ ಕೆಡಿಸುವ ಗುಣ ಜಾಸ್ತಿ ಇತ್ತು. 1985ರಲ್ಲಿ ಅದೇ ದೇಶದ ಇನ್ನೊಂದು ಅಧ್ಯಯನ ನರ್ಸ್‌ಗಳ ಗರ್ಭಪಾತಕ್ಕೂ ಈ ಮದ್ದುಗಳಿಗೂ ನಂಟಿದೆ ಅಂದಿತು. ಮರುವರ್ಷ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಮಾರ್ಗಸೂಚಿ ತಂದಿತು. ಗಾಳಿ ಮೇಲಿಂದ ಕೆಳಕ್ಕೆ ಹರಿಯುವ ಪೆಟ್ಟಿಗೆಗಳು ಬಂದವು, ಗ್ಲೌಸ್, ಗೌನ್ ಬಂದವು. ಮುಗೀತು ಅಂತ ಎಲ್ಲರೂ ಅಂದುಕೊಂಡರು.

ಮುಗಿದಿರಲಿಲ್ಲ. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ನೋಡಿದಾಗ, ಮದ್ದನ್ನು ಬೆರೆಸದೇ ಇರುವ ಸಿಬ್ಬಂದಿಯ ಮೂತ್ರದಲ್ಲೂ ಸೈಕ್ಲೋಫಾಸ್ಫಮೈಡ್ ಸಿಕ್ಕಿತು. ಎಲ್ಲರೂ ಮೂಗನ್ನು ಕಾಯುತ್ತಿದ್ದರು, ಮದ್ದು ಕೈಯ ಚರ್ಮದಿಂದ ಒಳಗೆ ಹೋಗುತ್ತಿತ್ತು. 1999ರಲ್ಲಿ ಅಮೆರಿಕ ಮತ್ತು ಕೆನಡಾದ ಆರು ಕ್ಯಾನ್ಸರ್ ಕೇಂದ್ರಗಳಲ್ಲಿ ಮೇಜು, ನೆಲ ಎಲ್ಲ ಒರೆಸಿ ಪರೀಕ್ಷಿಸಿದರು. ಫಾರ್ಮಸಿಯ ಮಾದರಿಗಳಲ್ಲಿ 75%, ಮದ್ದು ಕೊಡುವ ಕೋಣೆಗಳ ಮಾದರಿಗಳಲ್ಲಿ 65% ಕಲುಷಿತವಾಗಿದ್ದವು. ಮದ್ದಿನ ಸೀಸೆಗಳೇ ಕಾರ್ಖಾನೆಯಿಂದ ಹೊರಮೈಗೆ ಮದ್ದು ಅಂಟಿಸಿಕೊಂಡು ಬರಬಹುದು ಅನ್ನುವುದೂ ಗೊತ್ತಾಯಿತು. ಅಂದರೆ ಮುಚ್ಚಳ ತೆಗೆಯುವ ಮೊದಲೇ, ಪೆಟ್ಟಿಗೆ ಬಿಚ್ಚಿ ಕಪಾಟಿಗೆ ಜೋಡಿಸುವವರ ಕೈಗೇ ತಾಗಬಹುದು.

ನನಗೆ ತುಂಬ ಕಾಡುವುದು ನೆಲ ಒರೆಸುವವರ ವಿಷಯ. ರೋಗಿಯ ದೇಹಕ್ಕೆ ಹೋದ ಮದ್ದು ಒಂದೆರಡು ದಿನ ಮೂತ್ರ, ವಾಂತಿ, ಬೆವರಿನಲ್ಲಿ ಹೊರಗೆ ಬರುತ್ತಲೇ ಇರುತ್ತದೆ. ಹಾಗಾಗಿ ಟಾಯ್ಲೆಟ್ಟಿನ ನೆಲ, ಡ್ರಿಪ್ ಸ್ಟ್ಯಾಂಡಿನ ಕೆಳಗಿನ ಜಾಗ, ಹಾಸಿಗೆ ಬಟ್ಟೆ, ಇವೆಲ್ಲ ಫಾರ್ಮಸಿಯಷ್ಟೇ ಅಪಾಯದ ಜಾಗಗಳು. ಅಲ್ಲಿ ಕೆಲಸ ಮಾಡುವ ಆಯಾಗೆ, ಬಟ್ಟೆ ಒಗೆಯುವವರಿಗೆ ಇದನ್ನು ಕೂರಿಸಿಕೊಂಡು ಹೇಳಬೇಕು ಅಲ್ವಾ? ಸ್ಪಿರಿಟ್ ಹಾಕಿ ಒರೆಸಿದರೆ ಕ್ರಿಮಿ ಸಾಯುತ್ತದೆ, ಮದ್ದು ಮಾತ್ರ ಸುಮ್ನೆ ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಹಲವು ಮದ್ದುಗಳನ್ನು ಒಡೆಯುವುದಕ್ಕೆ ಬ್ಲೀಚ್ ದ್ರಾವಣ ಬೇಕು, ಆಮೇಲೆ ಅದನ್ನೂ ಒರೆಸಿ ತೆಗೆಯಬೇಕು.

ನಿಯಮಗಳದ್ದು ಆಮೆ ನಡಿಗೆ. 2004ರಲ್ಲಿ ಕಾರ್ಮಿಕರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆ ಈ ಮದ್ದುಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. 2011ರಲ್ಲಿ ವಾಷಿಂಗ್ಟನ್ ರಾಜ್ಯ ಕಾನೂನು ಮಾಡಿತು. ಅಪಾಯಕಾರಿ ಮದ್ದುಗಳನ್ನು ಮುಟ್ಟುವ ಬಗೆ ಹೇಳುವ ಯುಎಸ್‌ಪಿ 800 ಎಂಬ ಅಮೆರಿಕದ ಮಾನದಂಡ 2016ರಲ್ಲಿ ಅಚ್ಚಾಗಿ, ಮುಂದಕ್ಕೆ ಹೋಗಿ ಹೋಗಿ, ಅನ್ವಯವಾದದ್ದು 2023ರ ನವೆಂಬರಿನಲ್ಲಿ. ಯುರೋಪ್ ಒಕ್ಕೂಟ ಇಂಥ ಮದ್ದುಗಳನ್ನು ಕಾರ್ಮಿಕರ ಕ್ಯಾನ್ಸರ್ ತಡೆಯುವ ಕಾನೂನಿನೊಳಗೆ ತಂದದ್ದು 2022ರಲ್ಲಿ. ನಮ್ಮಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಕೀಮೋ ಕಸವನ್ನು ಹಳದಿ ಚೀಲಕ್ಕೆ ಹಾಕಿ 1200 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಸುಡಬೇಕು ಅನ್ನುತ್ತವೆ. ಅದು ಚೀಲಕ್ಕೆ ಬಿದ್ದದ್ದರ ಮಾತು. ಮೇಜಿನ ಮೇಲೆ ಉಳಿದದ್ದು ಕಣ್ಣಿಗೂ ಕಾಣೋದಿಲ್ಲ, ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಇರುತ್ತದೆ. ಎಷ್ಟು ನ್ಯಾನೋಗ್ರಾಂ ಇದ್ದರೆ ಪರವಾಗಿಲ್ಲ ಅನ್ನುವುದಕ್ಕೆ ಯುಎಸ್‌ಪಿ 800 ಕೂಡ ಒಂದು ಅಂಕಿ ಕೊಟ್ಟಿಲ್ಲ.

ಈಗ ಕೀಮೋ ಮಾತ್ರೆಯಾಗಿ ಮನೆಗೂ ಬಂದಿದೆ. ಅಮ್ಮನಿಗೆ ಮಾತ್ರೆ ಎತ್ತಿ ಕೊಡುವ ಮಗಳು ಗ್ಲೌಸ್ ಹಾಕಿಕೊಳ್ಳಬೇಕು, ಮಾತ್ರೆಯನ್ನು ಪುಡಿ ಮಾಡಬಾರದು, ಟಾಯ್ಲೆಟ್ಟಿನ ಮುಚ್ಚಳ ಹಾಕಿ ಫ್ಲಶ್ ಮಾಡಬೇಕು. ಮಾತ್ರೆ ಬರೆದುಕೊಡುವ ದಿನವೇ ಇದನ್ನೂ ಕೇಳಿ ತಿಳಿದುಕೊಳ್ಳಿ.