ತಡವಾಯ್ತು, ಬೇಗ ಹೋಗಿ

ಡಿಸೆಂಬರ್ 1970. ಅಮೆರಿಕದ ಪ್ರಿನ್ಸ್‌ಟನ್ ಊರು. ಪಾದ್ರಿಯಾಗಲು ಓದುತ್ತಿರುವ ವಿದ್ಯಾರ್ಥಿಯೊಬ್ಬ ಒಂದು ಕಟ್ಟಡದಿಂದ ಪಕ್ಕದ ಕಟ್ಟಡಕ್ಕೆ ಹೊರಟಿದ್ದಾನೆ. ಅಲ್ಲಿ ಹೋಗಿ ಮೂರರಿಂದ ಐದು ನಿಮಿಷ ಮಾತಾಡಬೇಕು, ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಹೊರಡುವ ಮುಂಚೆ ಒಬ್ಬರು ಗಡಿಯಾರ ನೋಡಿ, ‘ಅಯ್ಯೋ, ತಡವಾಯ್ತು. ಅವರು ಆಗಲೇ ಕಾಯ್ತಿದ್ದಾರೆ, ಬೇಗ ಹೋಗಿ’ ಅಂದಿದ್ದಾರೆ.

ಎರಡೂ ಕಟ್ಟಡಗಳ ನಡುವೆ ಒಂದು ಓಣಿ. ಅಲ್ಲೊಂದು ಬಾಗಿಲ ಬಳಿ ಹಳೇ ಬಟ್ಟೆಯ ಮನುಷ್ಯನೊಬ್ಬ ಕುಸಿದು ಕೂತಿದ್ದಾನೆ. ತಲೆ ಬಗ್ಗಿದೆ, ಕಣ್ಣು ಮುಚ್ಚಿದೆ. ವಿದ್ಯಾರ್ಥಿ ಹತ್ತಿರ ಬರುತ್ತಲೇ ಎರಡು ಸಲ ಕೆಮ್ಮಿ ನರಳುತ್ತಾನೆ.

ಕೂತವನು ಸಂಶೋಧಕರ ಕಡೆಯವನೇ. ಯಾರಾದರೂ ನಿಂತು ವಿಚಾರಿಸಿದರೆ ಏನು ಹೇಳಬೇಕು ಎಂಬುದೂ ಅವನಿಗೆ ಬಾಯಿಪಾಠ: ನನಗೆ ಉಸಿರಾಟದ ತೊಂದರೆ ಇದೆ, ಡಾಕ್ಟರ್ ಕೊಟ್ಟ ಮಾತ್ರೆ ಈಗಷ್ಟೇ ನುಂಗಿದೆ, ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತದೆ, ನಿಂತು ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗ ಇದು. 1973ರಲ್ಲಿ ಪ್ರಕಟವಾಯಿತು. ಇದರಲ್ಲೊಂದು ತುಂಟತನವೂ ಇತ್ತು. ಅರ್ಧದಷ್ಟು ವಿದ್ಯಾರ್ಥಿಗಳು ಮಾತಾಡಬೇಕಿದ್ದುದು ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಕಥೆಯ ಬಗ್ಗೆ. ದಾರಿಯಲ್ಲಿ ಕಳ್ಳರಿಂದ ಪೆಟ್ಟು ತಿಂದು ಬಿದ್ದವನನ್ನು ಒಬ್ಬ ಪುರೋಹಿತ ನೋಡಿಯೂ ನೋಡದಂತೆ ದಾಟಿಹೋಗುತ್ತಾನೆ, ದೇವಾಲಯದ ಸೇವೆಯ ಇನ್ನೊಬ್ಬನೂ ಹೋಗುತ್ತಾನೆ. ಕೊನೆಗೆ ಎಲ್ಲರೂ ಕೀಳಾಗಿ ಕಾಣುತ್ತಿದ್ದ ಸಮಾರ್ಯದವನೇ ನಿಂತು ಗಾಯ ಕಟ್ಟುತ್ತಾನೆ. ಈ ಕಥೆಯನ್ನೇ ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತಾ ಬರುವವನ ಮುಂದೆ ಅದೇ ಕಥೆ ನಡೆದರೆ? ಉಳಿದರ್ಧ ಜನಕ್ಕೆ ಕೊಟ್ಟಿದ್ದು ಪಾದ್ರಿಯಾಗಲು ಓದಿದವರಿಗೆ ಯಾವ ಕೆಲಸ ಒಗ್ಗುತ್ತದೆ ಎಂಬ ಸಪ್ಪೆ ವಿಷಯ.

ಇನ್ನೊಂದು ವ್ಯತ್ಯಾಸ ಅವಸರದ್ದು. ಕೆಲವರಿಗೆ ‘ತಡವಾಯ್ತು’ ಅಂದರು. ಕೆಲವರಿಗೆ ‘ಅಲ್ಲಿ ತಯಾರಾಗಿದ್ದಾರೆ, ಹೊರಡಿ’. ಇನ್ನು ಕೆಲವರಿಗೆ ‘ಅವರಿಗೆ ಇನ್ನೂ ಸ್ವಲ್ಪ ಹೊತ್ತಿದೆ, ಆದರೂ ಹೊರಡಿ’. ಅವಸರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ಏನಾದರೊಂದು ಸಹಾಯ ಮಾಡಿದರು. ಮಧ್ಯದವರಲ್ಲಿ 45. ತಡವಾಯ್ತು ಎನ್ನಿಸಿಕೊಂಡವರಲ್ಲಿ 10. ಸಮಾರ್ಯದವನ ಕಥೆ ಹೇಳಲು ಹೊರಟವರೇ ಆ ಮನುಷ್ಯನನ್ನು ದಾಟಿಕೊಂಡು ಹೋದದ್ದೂ ಉಂಟು.

ಈ ಪ್ರಯೋಗವನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ‘ನೋಡಿ, ಎಂಥಾ ಬೂಟಾಟಿಕೆ’ ಅಂತ ನಗುತ್ತಾರೆ. ಅಷ್ಟು ಸುಲಭಕ್ಕೆ ನಕ್ಕು ಬಿಡುವಂಥದ್ದಲ್ಲ. ಮೊದಲನೆಯದಾಗಿ, ಒಟ್ಟು 40 ಜನರ ಲೆಕ್ಕ ಇದು. ತುಂಬಾ ಅವಸರದಲ್ಲಿದ್ದವರು ಬರೀ 10 ಜನ, ಅದರಲ್ಲಿ ನೆರವಾದವನು ಒಬ್ಬ. ಇನ್ನೊಬ್ಬ ನೆರವಾಗಿದ್ದರೆ ಅಂಕಿ ಎರಡರಷ್ಟಾಗುತ್ತಿತ್ತು. ಎರಡನೆಯದಾಗಿ, ಕಥೆಗೆ ಪರಿಣಾಮವೇ ಇಲ್ಲ ಎನ್ನುವಂತೆಯೂ ಇಲ್ಲ. ಸಮಾರ್ಯದವನ ಗುಂಪಿನಲ್ಲಿ ನೂರಕ್ಕೆ 53 ಮಂದಿ ನೆರವಾದರೆ, ಕೆಲಸದ ಬಗ್ಗೆ ಮಾತಾಡಬೇಕಿದ್ದವರಲ್ಲಿ 29. ಇಷ್ಟು ಕಡಿಮೆ ಜನರಲ್ಲಿ ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು ಎಂದು ಸಂಶೋಧಕರು ಅದನ್ನು ಕೈಬಿಟ್ಟರು. 1975ರಲ್ಲಿ ಆಂಥೊನಿ ಗ್ರೀನ್‌ವಾಲ್ಡ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಇದೇ ಅಂಕಿಗಳನ್ನು ಹಿಡಿದು, ಕಥೆಯ ಪರಿಣಾಮವನ್ನು ಹಾಗೆ ತಳ್ಳಿಹಾಕುವಂತಿಲ್ಲ ಎಂದು ತಕರಾರು ತೆಗೆದರು. ಅವರ ಮಾತಿನಲ್ಲೂ ಹುರುಳಿದೆ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ವರದಿಯ ಕೊನೆಯಲ್ಲಿ ಬರುವ ಒಂದು ಸಣ್ಣ ವಿಷಯ. ನಿಲ್ಲದೆ ಹೋದ ವಿದ್ಯಾರ್ಥಿಗಳಲ್ಲಿ ಹಲವರು ಆ ಕಡೆಯ ಕಟ್ಟಡ ಸೇರಿದಾಗ ಕಳವಳಗೊಂಡಿದ್ದರು. ಅಂದರೆ ಅವರದು ಕಲ್ಲು ಮನಸ್ಸಲ್ಲ. ಓಣಿಯಲ್ಲಿ ಒಬ್ಬ ನರಳುತ್ತಿದ್ದಾನೆ, ಆಚೆ ಕಟ್ಟಡದಲ್ಲಿ ಇನ್ನೊಬ್ಬ ತಮ್ಮನ್ನೇ ನಂಬಿ ಕಾಯುತ್ತಿದ್ದಾನೆ. ಇಬ್ಬರಲ್ಲಿ ಒಬ್ಬರಿಗೆ ಮೋಸವಾಗಲೇಬೇಕು. ಹಾಗೆ ನೋಡಿದರೆ ಅವಸರ ಎನ್ನುವುದು ಗಡಿಯಾರದೊಳಗೆ ಇರುವುದಲ್ಲ. ಅದು ಇನ್ನೊಬ್ಬರಿಗೆ ಕೊಟ್ಟ ಮಾತು. ಬಹಳ ಸಲ ನಮ್ಮ ಪರವಾಗಿ ಬೇರೆ ಯಾರೋ ಕೊಟ್ಟ ಮಾತು.

ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ, ಅಲ್ವಾ? ಹೊಸದಾಗಿ ಸೇರಿದ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಸೀನಿಯರ್ ಡೆಸ್ಕಿನ ಪಕ್ಕ ನಿಂತಿದ್ದಾಳೆ. ಬೆಳಿಗ್ಗೆಯಿಂದ ಒಂದು ಎರರ್ ಬಿಡಿಸಲಾಗದೆ ಮುಖ ಸಪ್ಪಗಾಗಿದೆ. ಸೀನಿಯರ್ ಒಳ್ಳೆಯ ಮನುಷ್ಯನೇ. ಆದರೆ ಹನ್ನೊಂದಕ್ಕೆ ಒಂದು ಮೀಟಿಂಗ್ ಮುಗಿದು ಹನ್ನೊಂದಕ್ಕೇ ಇನ್ನೊಂದು ಶುರು. ಹೆಡ್‌ಫೋನ್ ಅರ್ಧ ಸರಿಸಿ ‘ಆಮೇಲೆ ಪಿಂಗ್ ಮಾಡಮ್ಮ’ ಎನ್ನುತ್ತಾನೆ. ಅವಳ ಮುಖ ಅವನಿಗೆ ಕಂಡಿರುತ್ತದೆ. ಕಂಡದ್ದು ಮೀಟಿಂಗ್ ಉದ್ದಕ್ಕೂ ಚುಚ್ಚುತ್ತಲೂ ಇರುತ್ತದೆ. ವರ್ಷದ ಕೊನೆಯಲ್ಲಿ ಎಚ್‌ಆರ್‌ನವರು ಅವನಿಗೊಂದು ‘ಟೀಮ್ ಸ್ಪಿರಿಟ್’ ತರಬೇತಿ ಕೊಡಿಸುತ್ತಾರೆ. ಎರಡು ಮೀಟಿಂಗುಗಳ ನಡುವೆ ಹತ್ತು ನಿಮಿಷ ಬಿಡಿಸುವುದು ಯಾರಿಗೂ ಹೊಳೆಯುವುದಿಲ್ಲ.

ವಾರಕ್ಕೆ 70 ಗಂಟೆ ದುಡಿಯಬೇಕು ಎಂದು 2023ರಲ್ಲಿ ನಾರಾಯಣ ಮೂರ್ತಿ ಹೇಳಿದಾಗ ಜಗಳ ನಡೆದದ್ದು ಹೆಚ್ಚಾಗಿ ಆರೋಗ್ಯ, ಸಂಸಾರ, ದೇಶದ ಉತ್ಪಾದನೆ ಇವುಗಳ ಸುತ್ತ. ಗಂಟೆ ಜಾಸ್ತಿಯಾದರೆ ಅವಸರವೂ ಜಾಸ್ತಿ ಎಂದೇನಿಲ್ಲ, ನಿಜ. ಹನ್ನೆರಡು ಗಂಟೆ ಅಂಗಡಿ ತೆರೆದಿಟ್ಟು ಬಂದವರನ್ನೆಲ್ಲ ಸಾವಧಾನವಾಗಿ ಮಾತಾಡಿಸುವವರೂ ಇದ್ದಾರೆ. ತೊಂದರೆ ಇರುವುದು ಗಂಟೆಗಳ ನಡುವೆ ಬಿರುಕೇ ಇಲ್ಲದಂತೆ ಕೆಲಸ ತುರುಕುವುದರಲ್ಲಿ.

ನಮ್ಮ ರಾಜ್ಯದಲ್ಲಿ ಆ ಬೈಬಲ್ ಕಥೆಯ ಹೆಸರಿನದೇ ಒಂದು ಕಾನೂನಿದೆ. ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾದವರನ್ನು ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಸಬಾರದು ಎನ್ನುವ ಕಾನೂನು. 2016ರಲ್ಲಿ ಕರ್ನಾಟಕ ಇದನ್ನು ರೂಪಿಸಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. ಬೇಕಾಗಿದ್ದ ಕಾನೂನೇ. ‘ಸುಮ್ನೆ ಯಾಕೆ ಕೇಸಿಗೆ ಸಿಕ್ಕಿಹಾಕಿಕೊಳ್ಳೋದು’ ಎಂಬ ಹೆದರಿಕೆ ನಿಜವಾದದ್ದು. ಆದರೆ ಒಂಬತ್ತೂವರೆಗೆ ಪಂಚ್ ಮಾಡದಿದ್ದರೆ ಅರ್ಧ ದಿನದ ಸಂಬಳ ಹೋಗುವವನಿಗೆ ಈ ಕಾನೂನಿನಿಂದ ಏನೂ ಸಿಗುವುದಿಲ್ಲ. ನಿಮಿಷಗಳ ಲೆಕ್ಕದಲ್ಲಿ ಸಾಮಾನು ತಲುಪಿಸಬೇಕಾದ ಡೆಲಿವರಿ ಹುಡುಗನಿಗೂ ಅಷ್ಟೇ.

ಹಾಗಂತ ವೇಗದ ಊರುಗಳೆಲ್ಲ ಕಟುಕರ ಊರುಗಳೇ? ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಲೆವಿನ್ ಇದನ್ನೇ ಪರೀಕ್ಷಿಸಲು ಹೊರಟರು. ಜಗತ್ತಿನ 23 ದೊಡ್ಡ ನಗರಗಳಲ್ಲಿ ಅವರ ತಂಡದವರು ಪೆನ್ನು ಬೀಳಿಸಿಕೊಂಡರು, ಕಾಲು ನೋವಿನವರಂತೆ ಕುಂಟುತ್ತಾ ಪತ್ರಿಕೆಗಳನ್ನು ಕೈಜಾರಿಸಿದರು, ಅಂಧರಂತೆ ರಸ್ತೆ ದಾಟಲು ನಿಂತರು. 2001ರಲ್ಲಿ ಬಂದ ಫಲಿತಾಂಶದಲ್ಲಿ ಬ್ರೆಜಿಲ್‌ನ ರಿಯೊ ಮೊದಲು. ನಮ್ಮ ಕೋಲ್ಕತಾ ಕೂಡ ಮೇಲಿನ ಸಾಲಿನಲ್ಲೇ ಇತ್ತು. ಕೊನೆಗೆ ನಿಂತದ್ದು ಕ್ವಾಲಾಲಂಪುರ. ಆದರೆ ಅಲ್ಲಿನ ಜನ ಅಂಥ ಅವಸರದವರೇನಲ್ಲ. ವಿಯೆನ್ನಾದವರು ಬಿರಬಿರನೆ ನಡೆಯುವವರು, ಆದರೂ ನಿಂತು ನೆರವಾದರು. ಹಾಗಾಗಿ ಊರಿನ ಮಟ್ಟಕ್ಕೆ ಹೋದರೆ ಲೆಕ್ಕ ಇಷ್ಟು ನೇರವಾಗಿಲ್ಲ. ಊರಿನ ರೂಢಿಯೂ ಸೇರಿಕೊಳ್ಳುತ್ತದೆ.

ಪ್ರಾಮಾಣಿಕತೆಯ ವಿಷಯದಲ್ಲೂ ಎಚ್ಚರ ಬೇಕು. ಸಮಯ ಕಡಿಮೆಯಿದ್ದಾಗ ಜನ ಹೆಚ್ಚು ಸುಳ್ಳು ಹೇಳುತ್ತಾರೆ ಎಂದು 2012ರಲ್ಲಿ ದಾಳ ಉರುಳಿಸುವ ಒಂದು ಪ್ರಯೋಗ ಹೇಳಿತ್ತು. 2020ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ಕಾಣಲಿಲ್ಲ. ಅವಸರದ ತಲೆಗೆ ಎಲ್ಲ ಪಾಪವನ್ನೂ ಕಟ್ಟುವಂತಿಲ್ಲ.

ಕೈಯಲ್ಲಿ ಸ್ವಲ್ಪ ಸಮಯವಿದ್ದರೆ ಮನಸ್ಸು ಹಗುರ ಎನ್ನುವುದಕ್ಕಂತೂ ಆಧಾರವಿದೆ. 2017ರಲ್ಲಿ ಆಶ್ಲಿ ವಿಲನ್ಸ್ ಮತ್ತು ಸಂಗಡಿಗರು ಕೆನಡಾದ ವ್ಯಾಂಕೂವರ್‌ನಲ್ಲಿ 60 ಉದ್ಯೋಗಸ್ಥರಿಗೆ ಎರಡು ವಾರಾಂತ್ಯ ತಲಾ 40 ಡಾಲರ್ ಕೊಟ್ಟರು. ಒಂದು ವಾರ ಅದರಲ್ಲಿ ಏನಾದರೂ ವಸ್ತು ಕೊಳ್ಳಬೇಕು, ಇನ್ನೊಂದು ವಾರ ಸಮಯ ಉಳಿಸುವ ಯಾವುದಾದರೂ ಸೇವೆಗೆ ಖರ್ಚು ಮಾಡಬೇಕು. ಸಮಯ ಉಳಿಸಿಕೊಂಡ ವಾರವೇ ಜನ ಹೆಚ್ಚು ಖುಷಿಯಾಗಿದ್ದರು. ನಮ್ಮಲ್ಲಿ ಅಡುಗೆಗೆ, ಮನೆಕೆಲಸಕ್ಕೆ ಜನ ಇಟ್ಟುಕೊಂಡವರು ಇದನ್ನು ಕೇಳಿ ಬೀಗಬಹುದು. ಅವರ ಸಮಯ ಉಳಿಸಿಕೊಟ್ಟು ನಾಲ್ಕು ಮನೆ ಸುತ್ತುವ ಆ ಹೆಂಗಸಿನ ಸಮಯದ ಲೆಕ್ಕ ಈ ಅಧ್ಯಯನದಲ್ಲಿಲ್ಲ.

ಇನ್ನೊಂದು ಪ್ರಯೋಗ ಸ್ವಲ್ಪ ತಲೆಕೆಳಗು ಅನ್ನಿಸುತ್ತದೆ. 2012ರಲ್ಲಿ ಕ್ಯಾಸಿ ಮೊಗಿಲ್ನರ್ ಮತ್ತು ಜೊತೆಗಾರರು ಕೆಲವರನ್ನು ಹದಿನೈದು ನಿಮಿಷ ಕೂರಿಸಿ, ಓದಿನಲ್ಲಿ ಹಿಂದುಳಿದ ವಿದ್ಯಾರ್ಥಿಯ ಪ್ರಬಂಧ ತಿದ್ದಿಸಿದರು. ಉಳಿದವರಿಗೆ ‘ಕೆಲಸ ಮುಗಿಯಿತು, ಹೊರಡಿ’ ಅಂದು ಹದಿನೈದು ನಿಮಿಷ ಬಿಡುವು ಕೊಟ್ಟರು. ನನ್ನ ಹತ್ತಿರ ಸಮಯ ಸಾಕಷ್ಟಿದೆ ಎಂದು ಹೆಚ್ಚು ಅನ್ನಿಸಿದ್ದು ಪ್ರಬಂಧ ತಿದ್ದಿದವರಿಗೆ. ಇನ್ನೊಬ್ಬರಿಗೆ ಏನೋ ಮಾಡಿಕೊಟ್ಟಾಗ, ಇಷ್ಟು ಹೊತ್ತಿನಲ್ಲಿ ಇಷ್ಟೆಲ್ಲ ಆಗುತ್ತದಲ್ಲ ಎಂಬ ಧೈರ್ಯ ಬರುತ್ತದೆ ಎನ್ನುವುದು ಅವರ ವಿವರಣೆ. ಆದರೆ ಆ ಹದಿನೈದು ನಿಮಿಷ ಅವರಿಗೆ ಮೊದಲೇ ಸಿಕ್ಕಿತ್ತು. ಆಚೆ ಕೋಣೆಯಲ್ಲಿ ಅವರಿಗಾಗಿ ಯಾರೂ ಕಾಯುತ್ತಿರಲಿಲ್ಲ.